ಉಪ್ಪು ಹೇಳಿದ ಲೆಕ್ಕ

ಸಂಖ್ಯೆಗಳಿಲ್ಲದೆ ಇಂದಿನ ಲೋಕವ್ಯವಹಾರವು ಒಂದು ದಿನವೂ ಸಾಗಲಾರದು. ಬೆಳಿಗ್ಗೆ ವೃತ್ತಪತ್ರಿಕೆಯನ್ನು ತೆರೆದೊಡನೆ ಧಾನ್ಯದ ಉತ್ಪನ್ನ ಇಷ್ಟು ಲಕ್ಷ ಟನ್ನು, ಬೆಲೆಗಳ ಏರಿಕೆ ನೂರಕ್ಕೆ ಇಷ್ಟು, ಬಡವರ ಸಂಖ್ಯೆ ಇಷ್ಟು ಕೋಟಿ ಎಂಬ ಬರಹಗಳು ಕಣ್ಣಿಗೆ ಬೀಳುತ್ತವೆ. ದೊಡ್ಡವರು ಅವುಗಳನ್ನು ಓದಿ ತಲೆದೂಗುತ್ತಾರೆ. ವಿದ್ಯಾರ್ಥಿಗಳು ಅವುಗಳನ್ನು ಬಾಯಿಪಾಠ ಮಾಡಿ ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ. ಆದರೆ ಈ ಸಂಖ್ಯೆಗಳು ಹುಟ್ಟಿದ್ದು ಎಲ್ಲಿ, ಎಣಿಸಿದವರು ಯಾರು, ಅವರ ಮಾತನ್ನು ನಾವು ಏಕೆ ನಂಬಬೇಕು ಎಂದು ಕೇಳುವವರು ವಿರಳ. ಅರ್ಥಶಾಸ್ತ್ರದಲ್ಲಿ ನಿಜವಾದ ಸಂಶೋಧನೆಯು ಆರಂಭವಾಗುವುದು ಈ ಪ್ರಶ್ನೆಗಳಿಂದಲೇ. ಸಂಖ್ಯೆಯೊಂದನ್ನು ಪರೀಕ್ಷಿಸುವುದು ಹೇಗೆ ಎಂಬುದನ್ನು ನಮ್ಮ ದೇಶದಲ್ಲಿಯೇ ನಡೆದ ಕೆಲವು ನಿದರ್ಶನಗಳ ಮೂಲಕ ಈ ಪಾಠದಲ್ಲಿ ವಿಚಾರ ಮಾಡೋಣ.

೧. ಪ್ರಯೋಗಶಾಲೆಯಿಲ್ಲದ ಶಾಸ್ತ್ರ

ಭೌತಶಾಸ್ತ್ರಜ್ಞನಿಗೆ ಪ್ರಯೋಗಶಾಲೆಯುಂಟು. ನೀರು ಎಷ್ಟು ಶಾಖಕ್ಕೆ ಕುದಿಯುತ್ತದೆಂಬ ಸಂದೇಹ ಬಂದರೆ ಆತನು ಪಾತ್ರೆಯನ್ನು ಒಲೆಯ ಮೇಲಿಟ್ಟು ಉಷ್ಣಮಾಪಕವನ್ನು ಅದ್ದಿ ನೋಡುತ್ತಾನೆ. ಸಂದೇಹವು ಉಳಿದರೆ ಮತ್ತೊಮ್ಮೆ ಕುದಿಸುತ್ತಾನೆ. ಅರ್ಥಶಾಸ್ತ್ರಜ್ಞನಿಗೆ ಈ ಸೌಕರ್ಯವು ಬಹುಮಟ್ಟಿಗೆ ಇಲ್ಲ. ಒಂದು ದೇಶವನ್ನು ಒಲೆಯ ಮೇಲಿಟ್ಟು ಕುದಿಸಿ ನೋಡುವುದು ಸಾಧ್ಯವಲ್ಲ. ಆತನಿಗೆ ಬೇಕಾದ ವಿಷಯವು ಹೊಲದಲ್ಲಿ, ಮಾರುಕಟ್ಟೆಯಲ್ಲಿ, ಅಂಗಡಿಯ ಖಾತೆಯ ಪುಸ್ತಕದಲ್ಲಿ, ಮನೆಯ ಅಡಿಗೆಯ ಕೋಣೆಯಲ್ಲಿ ಹರಡಿಕೊಂಡಿರುತ್ತದೆ. ಅದನ್ನು ಅವನಿಗೆ ತಿಳಿಸುವವರು ಮನುಷ್ಯರು. ಮನುಷ್ಯರಿಗೆ ಮರೆವುಂಟು, ಸಂಕೋಚವುಂಟು, ಸ್ವಲಾಭದ ಆಸೆಯೂ ಉಂಟು. ಉಷ್ಣಮಾಪಕಕ್ಕೆ ಇವುಗಳಲ್ಲಿ ಯಾವುದೂ ಇಲ್ಲ.

ಆದುದರಿಂದ ಅರ್ಥಶಾಸ್ತ್ರದಲ್ಲಿ ಸಂಖ್ಯೆಯನ್ನು ಸಂಗ್ರಹಿಸುವುದು ಅರ್ಧ ಕೆಲಸ ಮಾತ್ರ. ಸಂಗ್ರಹಿಸಿದ ಸಂಖ್ಯೆಯನ್ನು ಮತ್ತೊಂದು ಮಾರ್ಗದಿಂದ ಬಂದ ಸಂಖ್ಯೆಯೊಡನೆ ಎದುರುಬದುರಾಗಿ ನಿಲ್ಲಿಸಿ ನೋಡುವುದು ಉಳಿದರ್ಧ.

ಇದಕ್ಕೆ ಮೊದಲ ನಿದರ್ಶನವನ್ನು ನಾವಿರುವ ಮುಂಬಯಿ ನಗರವೇ ಒದಗಿಸಿದೆ. ಇಲ್ಲಿಯ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಗಣಿತವನ್ನು ಬೋಧಿಸಿದ್ದ ದಾದಾಭಾಯಿ ನವರೋಜಿಯವರು ೧೮೭೬ರಲ್ಲಿ ಈ ನಗರದ ಸಭೆಯೊಂದರ ಮುಂದೆ ಭಾರತದ ಬಡತನವನ್ನು ಕುರಿತು ಒಂದು ಪ್ರಬಂಧವನ್ನು ಓದಿದರು. ಬ್ರಿಟಿಷರ ಆಡಳಿತದಲ್ಲಿ ದೇಶವು ಸಮೃದ್ಧವಾಗುತ್ತಿದೆಯೆಂದು ಅಧಿಕಾರಿಗಳು ಸಾರುತ್ತಿದ್ದ ಕಾಲವದು. ದಾದಾಭಾಯಿಯವರು ಭಾಷಣದ ಆವೇಶದಿಂದ ಅದನ್ನು ಖಂಡಿಸಹೋಗಲಿಲ್ಲ. ಪ್ರಾಂತಪ್ರಾಂತವಾಗಿ ಸಾಗುವಳಿಯ ಭೂಮಿಯೆಷ್ಟು, ಎಕರೆಯೊಂದಕ್ಕೆ ಇಳುವರಿಯೆಷ್ಟು, ಅದರ ಬೆಲೆಯೆಷ್ಟು ಎಂಬುದನ್ನು ಸರ್ಕಾರದ ವರದಿಗಳಿಂದಲೇ ತೆಗೆದು ಗುಣಿಸಿ ಕೂಡಿಸಿದರು. ಇತರ ಉತ್ಪನ್ನಗಳನ್ನೂ ಸೇರಿಸಿದರು. ಕೊನೆಗೆ ತಲೆಯೊಂದಕ್ಕೆ ವರ್ಷಕ್ಕೆ ಸುಮಾರು ೨೦ ರೂಪಾಯಿ ಎಂಬ ಉತ್ತರ ಬಂದಿತು. ಅವರು ಅಲ್ಲಿಗೇ ನಿಲ್ಲಲಿಲ್ಲ. ಸೆರೆಮನೆಯಲ್ಲಿ ಒಬ್ಬ ಕೈದಿಯ ಊಟ ಬಟ್ಟೆಗೆ ಸರ್ಕಾರವೇ ಮಾಡುತ್ತಿದ್ದ ವೆಚ್ಚವನ್ನು ಅದರ ಪಕ್ಕದಲ್ಲಿಟ್ಟು ತೋರಿಸಿದರು. ಸಾಮಾನ್ಯ ಪ್ರಜೆಯ ಪಾಲಿನ ಉತ್ಪನ್ನವು ಕೈದಿಯ ಪಾಲನೆಯ ವೆಚ್ಚಕ್ಕೂ ಸಾಲದೆಂಬುದು ಆ ಹೋಲಿಕೆಯಿಂದ ವ್ಯಕ್ತವಾಯಿತು. ಬರಿಯ ೨೦ ರೂಪಾಯಿ ಎಂದಿದ್ದರೆ ಅದು ಹೆಚ್ಚೋ ಕಡಿಮೆಯೋ ಎಂದು ವಾದವೇಳುತ್ತಿತ್ತು. ಸರ್ಕಾರದ ಒಂದು ಪುಸ್ತಕವನ್ನು ಸರ್ಕಾರದ ಇನ್ನೊಂದು ಪುಸ್ತಕದ ಎದುರಿಗೆ ಸಾಕ್ಷಿಯಾಗಿ ನಿಲ್ಲಿಸಿದ್ದರಿಂದ ಆ ಸಂಖ್ಯೆಗೆ ಅರ್ಥ ಬಂದಿತು.

೨. ಕೆಂಪುಕೋಟೆಯ ಪ್ರಶ್ನೆ

ಎರಡನೆಯ ನಿದರ್ಶನವು ೧೯೪೭ನೆಯ ಇಸವಿಯದು. ಅದನ್ನು ತಮ್ಮ ಗ್ರಂಥದಲ್ಲಿ ವಿವರಿಸಿದವರು ಜಗತ್ಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞರಾದ ಸಿ. ಆರ್. ರಾವ್ ಅವರು. ಇವರು ೧೯೨೦ರಲ್ಲಿ ಜನಿಸಿದ್ದು ಹೂವಿನಹಡಗಲಿಯಲ್ಲಿ. ಆಗ ಅದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಇಂದು ಕರ್ನಾಟಕದ ವಿಜಯನಗರ ಜಿಲ್ಲೆಯಲ್ಲಿದೆ. ಮನೆಮಾತು ತೆಲುಗಾದರೂ ಅವರ ಜನ್ಮಭೂಮಿ ಕನ್ನಡನಾಡು. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದು, ೨೦೨೩ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿಯನ್ನು ಪಡೆದು, ಅದೇ ವರ್ಷ ನೂರಮೂರನೆಯ ಹುಟ್ಟುಹಬ್ಬಕ್ಕೆ ಕೆಲವೇ ದಿನಗಳಿರುವಾಗ ಅವರು ಕಾಲವಾದರು.

ಸ್ವಾತಂತ್ರ್ಯವು ಬಂದ ಹೊಸತರಲ್ಲಿ ದಿಲ್ಲಿಯಲ್ಲಿ ಮತೀಯ ಗಲಭೆಗಳಾದುವು. ಅಲ್ಪಸಂಖ್ಯಾತ ಸಮುದಾಯದ ಜನರು ಪ್ರಾಣಭಯದಿಂದ ದೊಡ್ಡ ಸಂಖ್ಯೆಯಲ್ಲಿ ಕೆಂಪುಕೋಟೆಯೊಳಗೆ ಆಶ್ರಯ ಪಡೆದರು. ಇನ್ನೂ ಕೆಲವರು, ಕಡಿಮೆ ಸಂಖ್ಯೆಯಲ್ಲಿ, ಹುಮಾಯೂನನ ಸಮಾಧಿಯ ಆವರಣದಲ್ಲಿ ಸೇರಿಕೊಂಡರು. ಅವರಿಗೆ ಅನ್ನವನ್ನೊದಗಿಸುವ ಹೊಣೆ ಸರ್ಕಾರದ್ದಾಯಿತು. ಸರ್ಕಾರವು ಅದನ್ನು ಗುತ್ತಿಗೆದಾರರಿಗೆ ಒಪ್ಪಿಸಿತು. ಒಳಗೆ ಎಷ್ಟು ಜನರಿದ್ದಾರೆಂಬುದು ಸರ್ಕಾರಕ್ಕೆ ತಿಳಿಯದು. ಆದುದರಿಂದ ಇಷ್ಟು ಅಕ್ಕಿ, ಇಷ್ಟು ಬೇಳೆ, ಇಷ್ಟು ಉಪ್ಪು ಕೊಂಡೆವೆಂದು ಗುತ್ತಿಗೆದಾರರು ಬರೆದುಕೊಟ್ಟ ಲೆಕ್ಕಕ್ಕೆ ಹಣವನ್ನು ತೆರಬೇಕಾಯಿತು. ವೆಚ್ಚವು ಮಿತಿಮೀರಿ ಬೆಳೆಯಿತು. ಒಳಗಿರುವವರ ಸಂಖ್ಯೆಯನ್ನು ಕಂಡುಹಿಡಿಯಲು ಸಂಖ್ಯಾಶಾಸ್ತ್ರಜ್ಞರನ್ನು ಕರೆಯುವುದು ಒಳ್ಳೆಯದೆಂಬ ಸಲಹೆ ಆಗ ಬಂದಿತು.

ಆದರೆ ಆ ಉದ್ರಿಕ್ತ ದಿನಗಳಲ್ಲಿ ಕೋಟೆಯೊಳಹೊಕ್ಕು ತಲೆಗಳನ್ನೆಣಿಸುವ ಅವಕಾಶವು ಅವರಿಗಿರಲಿಲ್ಲ. ಜನರು ಎಲ್ಲಿ ಎಷ್ಟು ದಟ್ಟವಾಗಿದ್ದಾರೆಂಬುದನ್ನು ಹೊರಗಿನಿಂದ ನೋಡುವುದೂ ಸಾಧ್ಯವಿರಲಿಲ್ಲ. ಅವರ ಕೈಯಲ್ಲಿದ್ದ ಏಕೈಕ ಸಾಧನವೆಂದರೆ ಗುತ್ತಿಗೆದಾರರ ಲೆಕ್ಕದ ಕಾಗದಗಳು, ಅಂದರೆ ಯಾವುದನ್ನು ಸಂದೇಹಿಸಬೇಕಾಗಿತ್ತೋ ಅದೇ ಕಾಗದಗಳು!

ಜೆ. ಎಂ. ಸೇನ್‌ಗುಪ್ತ ಎಂಬ ಸಂಖ್ಯಾಶಾಸ್ತ್ರಜ್ಞರು ಇಲ್ಲಿ ಒಂದು ಉಪಾಯವನ್ನು ಕಂಡರು. ಒಬ್ಬ ಮನುಷ್ಯನಿಗೆ ದಿನಕ್ಕೆ ಸರಾಸರಿ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಉಪ್ಪು ಬೇಕೆಂಬುದು ಹಿಂದೆ ನಡೆದ ಆಹಾರದ ಸಮೀಕ್ಷೆಗಳಿಂದ ತಿಳಿದಿತ್ತು. ಒಟ್ಟು ಅಕ್ಕಿಯನ್ನು ಒಬ್ಬನ ಅಕ್ಕಿಯಿಂದ ಭಾಗಿಸಿದರೆ ಜನರ ಸಂಖ್ಯೆ ಬರಬೇಕು. ಬೇಳೆಯಿಂದಲೂ ಉಪ್ಪಿನಿಂದಲೂ ಹಾಗೆಯೇ ಬರಬೇಕು. ಲೆಕ್ಕವು ಪ್ರಾಮಾಣಿಕವಾಗಿದ್ದರೆ ಮೂರು ಉತ್ತರಗಳೂ ಬಹುಮಟ್ಟಿಗೆ ಒಂದೇ ಆಗಿರಬೇಕಷ್ಟೆ. ಆದರೆ ಅವು ಒಂದಾಗಿರಲಿಲ್ಲ. ಅಕ್ಕಿಯಿಂದ ಬಂದ ಸಂಖ್ಯೆ ಎಲ್ಲಕ್ಕಿಂತ ದೊಡ್ಡದು. ಉಪ್ಪಿನಿಂದ ಬಂದುದು ಎಲ್ಲಕ್ಕಿಂತ ಚಿಕ್ಕದು.

೩. ಉಪ್ಪನ್ನೇ ಏಕೆ ನಂಬಬೇಕು?

ಈ ಕ್ರಮವನ್ನು ಸ್ಪಷ್ಟಪಡಿಸಲು ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಇಲ್ಲಿಯ ಸಂಖ್ಯೆಗಳು ಕೆಂಪುಕೋಟೆಯವಲ್ಲ, ಪಾಠಕ್ಕಾಗಿ ನಾವೇ ಇಟ್ಟುಕೊಂಡವು ಎಂಬುದು ನೆನಪಿರಲಿ.

ಒಬ್ಬನಿಗೆ ದಿನಕ್ಕೆ ೪೦೦ ಗ್ರಾಂ ಅಕ್ಕಿ, ೬೦ ಗ್ರಾಂ ಬೇಳೆ, ೧೦ ಗ್ರಾಂ ಉಪ್ಪು ಬೇಕೆಂದು ಭಾವಿಸಿರಿ. ಒಂದು ದಿನದ ಲೆಕ್ಕದಲ್ಲಿ ೮,೦೦೦ ಕಿಲೋ ಅಕ್ಕಿ, ೯೦೦ ಕಿಲೋ ಬೇಳೆ, ೧೦೦ ಕಿಲೋ ಉಪ್ಪು ಎಂದು ಬರೆದಿದೆ.

ಅಕ್ಕಿಯ ಪ್ರಕಾರ ಜನರು ೨೦,೦೦೦.
ಬೇಳೆಯ ಪ್ರಕಾರ ಜನರು ೧೫,೦೦೦.
ಉಪ್ಪಿನ ಪ್ರಕಾರ ಜನರು ೧೦,೦೦೦.

ಊಟಕ್ಕೆ ಕುಳಿತವರು ಒಂದೇ ಜನ. ಅಕ್ಕಿಯನ್ನು ತಿನ್ನುವಾಗ ಇಪ್ಪತ್ತು ಸಾವಿರವಾಗಿ ಉಪ್ಪನ್ನು ತಿನ್ನುವಾಗ ಹತ್ತು ಸಾವಿರವಾಗಲು ಅವರಿಗೆ ಸಾಧ್ಯವಿಲ್ಲ. ಹಾಗಾದರೆ ಯಾವ ಸಂಖ್ಯೆಯನ್ನು ನಂಬಬೇಕು? ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿ ಸರಾಸರಿ ೧೫,೦೦೦ ಎನ್ನಬಹುದೆ? ಅಂಕಗಣಿತದ ಪರೀಕ್ಷೆಯಲ್ಲಿ ಇದು ಸರಿಯಾದ ಸರಾಸರಿಯೇ ಹೌದು. ಆದರೆ ಸತ್ಯವನ್ನು ಸುಳ್ಳಿನೊಡನೆ ಕೂಡಿಸಿ ಭಾಗಿಸಿದರೆ ಬರುವುದು ಅರ್ಧ ಸುಳ್ಳೇ ಹೊರತು ಸತ್ಯವಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಸುಳ್ಳು ಬರೆಯುವುದರಿಂದ ಲಾಭವಾಗುವುದು ಯಾವ ವಸ್ತುವಿನಲ್ಲಿ?

ಅಕ್ಕಿ ಬೆಲೆಯುಳ್ಳ ವಸ್ತು. ಒಂದು ಚೀಲ ಕೊಂಡು ಎರಡು ಚೀಲವೆಂದು ಬರೆದರೆ ಕೈಗೆ ಹಣ ಬರುತ್ತದೆ. ಉಪ್ಪು ಅಗ್ಗದ ವಸ್ತು, ಬೇಕಾಗುವುದೂ ಸ್ವಲ್ಪ. ಅದನ್ನು ಎರಡರಷ್ಟು ಬರೆದರೂ ಗುತ್ತಿಗೆದಾರನಿಗೆ ದೊರೆಯುವುದು ಕೆಲವೇ ಕಾಸು. ಆದಕಾರಣ ಉಪ್ಪಿನ ಲೆಕ್ಕವನ್ನು ತಿದ್ದುವ ಶ್ರಮವನ್ನು ಯಾರೂ ತೆಗೆದುಕೊಂಡಿರಲಾರರು. ಯಾವ ಲೆಕ್ಕವನ್ನು ಸುಳ್ಳು ಮಾಡಲು ಯಾರಿಗೂ ಆಸೆಯಿಲ್ಲವೋ ಆ ಲೆಕ್ಕವು ಸತ್ಯಕ್ಕೆ ಹತ್ತಿರ. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆಯು ನಮ್ಮಲ್ಲುಂಟು. ಇಲ್ಲಿ ಅಕ್ಕಿಯಲ್ಲಿ ಮಾಡಿದ ತಪ್ಪನ್ನು ಉಪ್ಪೇ ಹೊರಗೆಡಹಿತು.

ಇಷ್ಟಕ್ಕೇ ಮುಗಿದಿದ್ದರೆ ಇದು ಒಂದು ಜಾಣತನದ ಕಥೆಯಾಗಿ ಉಳಿಯುತ್ತಿತ್ತು. ಒಬ್ಬನಿಗೆ ಇಷ್ಟೇ ಉಪ್ಪು ಎಂಬ ನಿಯಮವು ಭಯದಿಂದ ಓಡಿಬಂದು ಕಿಕ್ಕಿರಿದು ನೆರೆದ ಜನಕ್ಕೂ ಅನ್ವಯಿಸುವುದೆ ಎಂದು ಯಾರಾದರೂ ಕೇಳಬಹುದಾಗಿತ್ತು. ಅದಕ್ಕಾಗಿ ಇದೇ ಕ್ರಮವನ್ನು ಹುಮಾಯೂನನ ಸಮಾಧಿಯ ಆವರಣದಲ್ಲಿದ್ದವರಿಗೂ ಅನ್ವಯಿಸಿ ನೋಡಿದರು. ಅಲ್ಲಿದ್ದವರು ಕಡಿಮೆ ಜನರಾದುದರಿಂದ ಅವರ ಸಂಖ್ಯೆಯು ಬೇರೆ ಮೂಲದಿಂದ ತಿಳಿದಿತ್ತು. ಉಪ್ಪಿನಿಂದ ಬಂದ ಉತ್ತರವು ಅದಕ್ಕೆ ಸಾಕಷ್ಟು ಹೊಂದಿಕೊಂಡಿತು. ಉತ್ತರವು ಗೊತ್ತಿರುವಲ್ಲಿ ಕ್ರಮವನ್ನು ಪರೀಕ್ಷಿಸಿ, ಬಳಿಕ ಉತ್ತರವು ಗೊತ್ತಿಲ್ಲದಲ್ಲಿ ಅದನ್ನು ನಂಬುವುದು ಶಾಸ್ತ್ರಕ್ಕೂ ಊಹೆಗೂ ಇರುವ ಭೇದ.

ಇಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ಹಿಗ್ಗಿಸಿದ ಲೆಕ್ಕದಿಂದ ನಷ್ಟವಾದುದು ಖಜಾನೆಗೆ ಮಾತ್ರವೆಂದು ತಿಳಿಯಬಾರದು. ವೆಚ್ಚವು ಹೆಚ್ಚಾಯಿತೆಂದು ಕಣ್ಣುಮುಚ್ಚಿ ಕಡಿತ ಮಾಡಿದ್ದರೆ ನಿಜವಾಗಿ ಹಸಿದವರ ಅನ್ನವೇ ಹೋಗುತ್ತಿತ್ತು. ಎಷ್ಟು ಜನರಿದ್ದಾರೆಂಬುದು ಸರಿಯಾಗಿ ತಿಳಿದಾಗಲೇ ಕಳ್ಳನ ಪಾಲನ್ನು ತೆಗೆದು ಹಸಿದವನ ಪಾಲನ್ನು ಉಳಿಸುವುದು ಸಾಧ್ಯ.

೪. ಒಂದು ಅಗುಳಿನ ನ್ಯಾಯ

ಗುತ್ತಿಗೆದಾರನು ಬೇಕೆಂದೇ ಲೆಕ್ಕವನ್ನು ತಿದ್ದಿದನು. ಆದರೆ ಯಾರಿಗೂ ದುರುದ್ದೇಶವಿಲ್ಲದಿದ್ದಾಗಲೂ ಸಂಖ್ಯೆಯು ದಾರಿ ತಪ್ಪುವುದುಂಟು. ಇದಕ್ಕೆ ಬೆಳೆಯ ಲೆಕ್ಕವು ಉತ್ತಮ ನಿದರ್ಶನ.

ಅನ್ನವು ಬೆಂದಿತೇ ಎಂದು ತಿಳಿಯಲು ಪಾತ್ರೆಯ ಅನ್ನವನ್ನೆಲ್ಲ ಹಿಸುಕಬೇಕಾಗಿಲ್ಲ. ಒಂದು ಅಗುಳು ಸಾಕೆಂದು ನಮ್ಮ ತಾಯಂದಿರು ಬಲ್ಲರು. ಮಾದರಿ ಸಮೀಕ್ಷೆಯ ತತ್ತ್ವವೂ ಇದೇ. ಆದರೆ ಪಾತ್ರೆಯ ಅನ್ನವು ಒಂದೇ ಬಗೆಯ ಅಕ್ಕಿಯದು, ಒಂದೇ ನೀರಿನಲ್ಲಿ ಬೆಂದದ್ದು. ನಾಡು ಹಾಗಲ್ಲ. ಮಲೆನಾಡಿನ ಗದ್ದೆಯೂ ರಾಯಚೂರಿನ ಒಣಹೊಲವೂ ಒಂದಲ್ಲ. ನಮ್ಮ ನಗರದಲ್ಲಿಯೇ ಮಲಬಾರ್ ಹಿಲ್ಲಿನ ಮನೆಯೂ ಧಾರಾವಿಯ ಮನೆಯೂ ಒಂದಲ್ಲ. ಇಂಥ ಕಡೆ ಕೈಗೆ ಸಿಕ್ಕ ಅಗುಳನ್ನು ಹಿಸುಕಿದರೆ ಮೋಸ ಹೋಗುತ್ತೇವೆ.

ಪ್ರಶಾಂತಚಂದ್ರ ಮಹಾಲನೋಬಿಸರು ಈ ಸಮಸ್ಯೆಯನ್ನು ಬಂಗಾಳದ ಹೊಲಗಳಲ್ಲಿ ಎದುರಿಸಿದರು. ಮೂಲತಃ ಭೌತಶಾಸ್ತ್ರದ ಪ್ರಾಧ್ಯಾಪಕರಾದ ಇವರು ೧೯೩೧ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ೧೯೩೭ರಿಂದ ಸೆಣಬಿನ ಬೆಳೆಯ ಮಾದರಿ ಸಮೀಕ್ಷೆಯನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸಿ ವರ್ಷವರ್ಷವೂ ವಿಸ್ತರಿಸಿದರು. ಯಾವ ಹೊಲವನ್ನು ನೋಡಬೇಕೆಂಬುದನ್ನು ಅವರು ಸಮೀಕ್ಷಕನ ಇಷ್ಟಕ್ಕೆ ಬಿಡಲಿಲ್ಲ. ಬಿಟ್ಟರೆ ಆತನು ರಸ್ತೆಗೆ ಹತ್ತಿರವಿರುವ, ಕೆಸರಿಲ್ಲದ, ಬೆಳೆ ಚೆನ್ನಾಗಿ ಕಾಣುವ ಹೊಲಕ್ಕೇ ಹೋಗುವುದು ಸಹಜ. ಆದುದರಿಂದ ಚೀಟಿಯೆತ್ತಿದಂತೆ ಹೊಲಗಳನ್ನು ಆರಿಸಿದರು. ಚೀಟಿಗೆ ಒಳ್ಳೆಯ ಹೊಲವೆಂಬ ಮೋಹವೂ ಇಲ್ಲ, ಕೆಸರಿನ ಭಯವೂ ಇಲ್ಲ. ಇದಲ್ಲದೆ ಮಾದರಿಯನ್ನು ಎರಡು ಭಾಗ ಮಾಡಿ ಒಂದೇ ಪ್ರದೇಶಕ್ಕೆ ಎರಡು ತಂಡಗಳನ್ನು ಕಳುಹಿಸುವ ಪದ್ಧತಿಯನ್ನೂ ಬಳಕೆಗೆ ತಂದರು. ಒಂದು ತಂಡವು ಮತ್ತೊಂದರ ಉತ್ತರವನ್ನು ನೋಡುವಂತಿಲ್ಲ. ಎರಡು ಉತ್ತರಗಳು ಹತ್ತಿರ ಬಂದರೆ ಧೈರ್ಯ. ದೂರ ಹೋದರೆ ಎಲ್ಲಿಯೋ ತಪ್ಪಿದೆಯೆಂಬ ಎಚ್ಚರಿಕೆ.

ಹೊಲವನ್ನು ಆರಿಸಿದ ಮೇಲೆ ಅದರಲ್ಲಿ ಒಂದು ಸಣ್ಣ ತುಂಡನ್ನು ಅಳೆದು, ಅಲ್ಲಿಯ ಪೈರನ್ನು ಕೊಯ್ದು, ಬಡಿದು, ತೂಗುತ್ತಾರೆ. ತುಂಡು ಎಷ್ಟು ದೊಡ್ಡದಿರಬೇಕೆಂಬ ವಿಷಯದಲ್ಲಿ ಒಂದು ದೊಡ್ಡ ಚರ್ಚೆ ನಡೆಯಿತು. ಚಿಕ್ಕದಾದರೆ ಕೆಲಸವು ಬೇಗ ಮುಗಿಯುತ್ತದೆ. ಅಷ್ಟೇ ಹಣದಲ್ಲಿ ಹೆಚ್ಚು ಹೊಲಗಳನ್ನು ನೋಡಬಹುದು. ಆದರೆ ಸಾತಾರಾ ಜಿಲ್ಲೆಯಲ್ಲಿ ಹುಟ್ಟಿದ ಪಾಂಡುರಂಗ ವಾಸುದೇವ ಸುಖಾತ್ಮೆಯವರು ಬೇರೆಬೇರೆ ಅಳತೆಯ ತುಂಡುಗಳನ್ನು ಕೊಯ್ಯಿಸಿ ಹೋಲಿಸಿದಾಗ, ತೀರ ಚಿಕ್ಕ ತುಂಡುಗಳು ಇಳುವರಿಯನ್ನು ನಿಜಕ್ಕಿಂತ ಹೆಚ್ಚಾಗಿ ತೋರಿಸುತ್ತವೆಂಬುದು ಕಂಡುಬಂದಿತು.

ಇದರ ಕಾರಣವು ಸ್ವಾರಸ್ಯವಾಗಿದೆ. ಗುರುತಿನ ಹಗ್ಗದ ಮೇಲೆಯೇ ನಿಂತ ಪೈರು ಒಳಗಿನದೋ ಹೊರಗಿನದೋ ಎಂಬ ಸಂದೇಹ ಬಂದಾಗ ಕೊಯ್ಯುವವನ ಕೈ ಅದನ್ನು ಒಳಕ್ಕೇ ಸೇರಿಸಿಕೊಳ್ಳುತ್ತದೆ. ಕಣ್ಮುಂದಿರುವ ತೆನೆಯನ್ನು ಬಿಟ್ಟುಬಿಡಲು ರೈತನ ಕೈಗೆ ಮನಸ್ಸು ಬಾರದು. ತುಂಡು ಚಿಕ್ಕದಾದಷ್ಟೂ ಈ ಅಂಚಿನ ತಪ್ಪು ದೊಡ್ಡದಾಗುತ್ತದೆ. ನೀವೇ ಲೆಕ್ಕ ಮಾಡಿ ನೋಡಿರಿ. ಒಂದು ಮೀಟರ್ ಬದಿಯ ಚೌಕದಲ್ಲಿ ಕ್ಷೇತ್ರಫಲವು ೧ ಚದರ ಮೀಟರ್, ಸುತ್ತಳತೆ ೪ ಮೀಟರ್. ಐದು ಮೀಟರ್ ಬದಿಯ ಚೌಕದಲ್ಲಿ ಕ್ಷೇತ್ರಫಲವು ೨೫ ಚದರ ಮೀಟರ್, ಸುತ್ತಳತೆ ೨೦ ಮೀಟರ್. ಮೊದಲನೆಯದರಲ್ಲಿ ಪ್ರತಿ ಚದರ ಮೀಟರಿಗೆ ೪ ಮೀಟರ್ ಅಂಚು, ಎರಡನೆಯದರಲ್ಲಿ ೦.೮ ಮೀಟರ್ ಮಾತ್ರ. ಅಂಚಿನ ಪಾಲು ಐದರಲ್ಲಿ ಒಂದಕ್ಕೆ ಇಳಿಯಿತು. ಭತ್ತದಂಥ ಅನೇಕ ಬೆಳೆಗಳಿಗೆ ಇಂದು ಸಾಮಾನ್ಯವಾಗಿ ೫ ಮೀಟರ್ ಬದಿಯ ಚೌಕವನ್ನೇ ಕೊಯ್ದು ತೂಗುತ್ತಾರೆ.

ಒಂದು ಹಿಡಿ ತೆನೆಯ ತಪ್ಪಿಗೆ ಇಷ್ಟೊಂದು ಚರ್ಚೆಯೇಕೆ ಎನ್ನಬಹುದು. ಆ ಒಂದು ಹಿಡಿಯನ್ನು ನಾಡಿನ ಎಲ್ಲ ಹೊಲಗಳಿಂದ ಗುಣಿಸಿ ಉತ್ಪನ್ನದ ಲೆಕ್ಕವನ್ನು ಹಾಕುತ್ತಾರೆ. ಕಾಗದದ ಮೇಲೆ ಹೆಚ್ಚು ಧಾನ್ಯವು ಕಂಡರೆ ಕೊರತೆಯಿಲ್ಲವೆಂದು ಸರ್ಕಾರವು ಸುಮ್ಮನಿರಬಹುದು. ಕಾಗದದ ಧಾನ್ಯವನ್ನು ಬೇಯಿಸಿ ಉಣ್ಣಲು ಬರುವುದಿಲ್ಲ.

೫. ನೆನಪಿನ ಅಂಚು

ಸ್ವತಂತ್ರ ಭಾರತದಲ್ಲಿ ಮಹಾಲನೋಬಿಸರ ಪ್ರಯತ್ನದಿಂದ ೧೯೫೦ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಆರಂಭವಾಯಿತು. ಸಮೀಕ್ಷಕರು ಆರಿಸಿದ ಮನೆಗಳಿಗೆ ಹೋಗಿ ಅಕ್ಕಿ, ಎಣ್ಣೆ, ಬಟ್ಟೆ, ಔಷಧಗಳಿಗೆ ಎಷ್ಟು ವೆಚ್ಚವಾಯಿತೆಂದು ಕೇಳಿ ಬರೆದುಕೊಳ್ಳುತ್ತಿದ್ದರು. ದೇಶದಲ್ಲಿ ಬಡವರೆಷ್ಟು ಎಂಬ ಲೆಕ್ಕಕ್ಕೆ ಬಹುಕಾಲ ಇದೇ ಆಧಾರವಾಯಿತು.

ಇಲ್ಲಿ ಹಗ್ಗದ ಸ್ಥಾನದಲ್ಲಿರುವುದು ದಿನಗಳ ಗಡಿ. "ಕಳೆದ ಏಳು ದಿನಗಳಲ್ಲಿ ಎಷ್ಟು ಅಕ್ಕಿ ಬಳಸಿದಿರಿ?" ಎಂದು ಕೇಳಿದರೆ ಒಂಬತ್ತನೆಯ ದಿನದ ಬಳಕೆಯೂ ಆ ವಾರದ್ದೇ ಎಂದು ನೆನಪಿನೊಳಗೆ ನುಸುಳಬಹುದು. "ಕಳೆದ ಮೂವತ್ತು ದಿನಗಳಲ್ಲಿ?" ಎಂದು ಕೇಳಿದರೆ ಅಂಥ ಅಂಚಿನ ತಪ್ಪು ಚಿಕ್ಕದಾಗುತ್ತದೆ, ಆದರೆ ಮರೆವಿಗೆ ಎಡೆ ಹೆಚ್ಚುತ್ತದೆ. ಮಹಾಲನೋಬಿಸರೂ ಅವರ ಸಹೋದ್ಯೋಗಿಯೂ ೧೯೫೪ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಾರದ ಉತ್ತರ, ತಿಂಗಳ ಉತ್ತರ ಹಾಗೂ ತಕ್ಕಡಿಯಲ್ಲಿ ತೂಗಿ ಕಂಡ ಬಳಕೆ ಇವುಗಳನ್ನು ಹೋಲಿಸಿದ್ದರು. ವಾರದ ಉತ್ತರವು ಹೆಚ್ಚಾಗಿತ್ತು. ತಿಂಗಳ ಉತ್ತರವು ತಕ್ಕಡಿಗೆ ಹತ್ತಿರವಾಗಿತ್ತು. ಆದುದರಿಂದ ಸಮೀಕ್ಷೆಯಲ್ಲಿ ಮೂವತ್ತು ದಿನಗಳ ಪ್ರಶ್ನೆಯೇ ರೂಢಿಯಾಯಿತು.

೧೯೯೯-೨೦೦೦ದ ಸಮೀಕ್ಷೆಯಲ್ಲಿ ಈ ರೂಢಿಯನ್ನು ಬದಲಿಸಿದರು. ಆಹಾರದ ವಿಷಯದಲ್ಲಿ ಏಳು ದಿನದ ಪ್ರಶ್ನೆಯನ್ನೂ ಮೂವತ್ತು ದಿನದ ಪ್ರಶ್ನೆಯನ್ನೂ ಒಂದೇ ಮನೆಯವರಿಗೆ ಅಕ್ಕಪಕ್ಕದಲ್ಲಿ ಕೇಳಿದರು. ಒಂದು ಉತ್ತರವನ್ನು ಹೇಳಿದವನು ಮತ್ತೊಂದನ್ನು ಅದಕ್ಕೆ ಹೊಂದಿಸಿಯೇ ಹೇಳುವುದು ಮನುಷ್ಯ ಸ್ವಭಾವ. ಹೀಗೆ ತಿಂಗಳ ಉತ್ತರವು ವಾರದ ಉತ್ತರದ ಕಡೆಗೆ ಮೇಲೇರಿತೆಂಬ ಸಂದೇಹವು ಹುಟ್ಟಿತು. ಆ ಸಮೀಕ್ಷೆಯ ಆಧಾರದಿಂದ ಬಡವರ ಪ್ರಮಾಣವು ೧೯೯೩-೯೪ರಲ್ಲಿದ್ದ ನೂರಕ್ಕೆ ೩೬ರಿಂದ ೨೬ಕ್ಕೆ ಇಳಿಯಿತೆಂದು ಸರ್ಕಾರವು ಪ್ರಕಟಿಸಿತು. ಬಡತನವು ನಿಜವಾಗಿ ಇಳಿಯಿತೆ, ಅಥವಾ ಪ್ರಶ್ನೆಯು ಬದಲಾದುದರಿಂದ ಉತ್ತರವು ಬದಲಾಯಿತೆ? ಈ ವಿಷಯದಲ್ಲಿ ವಿದ್ವಾಂಸರ ನಡುವೆ ತೀವ್ರವಾದ ವಾದವು ನಡೆಯಿತು.

ಮುಂದೆ ೨೦೧೫ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಆಂಗಸ್ ಡೀಟನ್ ಎಂಬ ಅರ್ಥಶಾಸ್ತ್ರಜ್ಞರು ಈ ತೊಡಕನ್ನು ಬಿಡಿಸಲು ಹಿಡಿದ ಮಾರ್ಗವು ನಮಗೆ ಕೆಂಪುಕೋಟೆಯನ್ನು ನೆನಪಿಗೆ ತರುತ್ತದೆ. ಎಲ್ಲ ಪ್ರಶ್ನೆಗಳೂ ಬದಲಾಗಿರಲಿಲ್ಲ. ಉರುವಲು, ದೀಪ ಮೊದಲಾದ ಕೆಲವು ವೆಚ್ಚಗಳನ್ನು ಹಿಂದಿನಂತೆಯೇ ಮೂವತ್ತು ದಿನಗಳಿಗೆ ಮಾತ್ರ ಕೇಳಿದ್ದರು. ಅವುಗಳ ಉತ್ತರವು ಕೆಟ್ಟಿರಲು ಕಾರಣವಿರಲಿಲ್ಲ. ಇಂಥ ವಸ್ತುಗಳಿಗೆ ಇಷ್ಟು ವೆಚ್ಚ ಮಾಡುವ ಮನೆಗಳಲ್ಲಿ ನೂರಕ್ಕೆ ಎಷ್ಟು ಮನೆಗಳು ಬಡತನದ ರೇಖೆಯ ಕೆಳಗಿರುತ್ತವೆಂಬುದು ಹಿಂದಿನ ಸಮೀಕ್ಷೆಯಿಂದ ತಿಳಿದಿತ್ತು. ಆ ಸಂಬಂಧವು ಬದಲಾಗಿಲ್ಲವೆಂದು ಭಾವಿಸಿ ಹೊಸ ಲೆಕ್ಕವನ್ನು ಹಾಕಿದರು. ಹಳ್ಳಿಗಳಲ್ಲಿ ಬಡವರ ಪ್ರಮಾಣವು ಸುಮಾರು ೩೭ರಿಂದ ೨೭ಕ್ಕೆ ಇಳಿಯಿತೆಂದು ಸರ್ಕಾರದ ಲೆಕ್ಕ. ಡೀಟನ್ನರ ಲೆಕ್ಕದಂತೆ ಅದು ಇಳಿದುದು ಸುಮಾರು ೩೦ಕ್ಕೆ. ಬಡತನವು ಇಳಿದುದು ನಿಜ, ಸಾರಿದಷ್ಟು ಇಳಿಯಲಿಲ್ಲ. ನೂರಕ್ಕೆ ಮೂರು ಎಂಬುದು ಕಾಗದದ ಮೇಲೆ ಸಣ್ಣ ಅಂತರ. ಆದರೆ ಭಾರತದ ಹಳ್ಳಿಗಳಲ್ಲಿ ನೂರಕ್ಕೆ ಮೂರೆಂದರೆ ಎರಡು ಕೋಟಿಗೂ ಮಿಕ್ಕ ಜನರು.

ಸೇನ್‌ಗುಪ್ತರಿಗೆ ಉಪ್ಪು ಹೇಗೋ ಡೀಟನ್ನರಿಗೆ ಉರುವಲಿನ ಲೆಕ್ಕವು ಹಾಗೆ. ಇಬ್ಬರೂ ಕೆಟ್ಟ ಲೆಕ್ಕದ ರಾಶಿಯೊಳಗೆ ಕೆಡದೆ ಉಳಿದಿರಬಹುದಾದ ಲೆಕ್ಕವನ್ನು ಹುಡುಕಿ ತೆಗೆದರು. ಇಬ್ಬರೂ ತಾವು ಯಾವ ಭಾವನೆಯ ಮೇಲೆ ನಿಂತಿದ್ದೇವೆಂಬುದನ್ನು ಮುಚ್ಚಿಡಲಿಲ್ಲ: ಒಬ್ಬನ ಉಪ್ಪಿನ ಅಳತೆ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ಎಂಬುದು ಮೊದಲನೆಯವರದು, ಬಡತನಕ್ಕೂ ಆ ವೆಚ್ಚಗಳಿಗೂ ಇರುವ ಸಂಬಂಧವು ಸ್ಥಿರವೆಂಬುದು ಎರಡನೆಯವರದು. ಹೀಗೆ ಬಹಿರಂಗವಾಗಿ ಹೇಳಿದುದರಿಂದಲೇ ಒಪ್ಪದವರು ಅದನ್ನು ಪರೀಕ್ಷಿಸಬಹುದು.

೬. ಮಾಡಿ ನೋಡಬೇಕಾದ ಅಭ್ಯಾಸ

ಓದಿ ಬಿಟ್ಟ ಪಾಠಕ್ಕಿಂತ ಕೈಯಿಂದ ಮಾಡಿದ ಪಾಠವು ಹೆಚ್ಚು ನಿಲ್ಲುತ್ತದೆ. ಎಂಟನೆಯ ಮತ್ತು ಮೇಲಿನ ತರಗತಿಗಳ ವಿದ್ಯಾರ್ಥಿಗಳು ಈ ರಜೆಯಲ್ಲಿ ಗುಂಪಾಗಿ ಒಂದು ಸಣ್ಣ ಸಮೀಕ್ಷೆಯನ್ನು ನಡೆಸಬಹುದು.

ನಿಮ್ಮ ಚಾಳಿನ ಅಥವಾ ಕಟ್ಟಡದ ಮನೆಗಳ ಪಟ್ಟಿಯನ್ನು ಮಾಡಿರಿ. ಚೀಟಿಗಳನ್ನು ಬರೆದು ಡಬ್ಬಿಯಲ್ಲಿ ಹಾಕಿ ಚೆನ್ನಾಗಿ ಕುಲುಕಿ ಹನ್ನೆರಡು ಮನೆಗಳನ್ನು ಎತ್ತಿರಿ. ಅವುಗಳಲ್ಲಿ ಆರನ್ನು ಒಂದು ತಂಡಕ್ಕೂ ಆರನ್ನು ಇನ್ನೊಂದು ತಂಡಕ್ಕೂ ಚೀಟಿಯಿಂದಲೇ ಹಂಚಿರಿ. ಮನೆಯ ಹಿರಿಯರ ಒಪ್ಪಿಗೆಯನ್ನು ಪಡೆದು, ಕಳೆದ ಏಳು ದಿನಗಳಲ್ಲಿ ಎಷ್ಟು ಅಕ್ಕಿ ಬಳಕೆಯಾಯಿತೆಂದು ಒಂದು ತಂಡವು ಕೇಳಲಿ. ಕಳೆದ ಮೂವತ್ತು ದಿನಗಳಲ್ಲಿ ಎಷ್ಟೆಂದು ಇನ್ನೊಂದು ತಂಡವು ಕೇಳಲಿ. ಬಳಿಕ ಎಲ್ಲ ಮನೆಗಳಲ್ಲಿಯೂ ಅಕ್ಕಿಯ ಡಬ್ಬಿಯನ್ನು ಒಂದು ದಿನ ತೂಗಿ, ಏಳು ದಿನಗಳ ಮೇಲೆ ಮತ್ತೆ ತೂಗಿರಿ. ನಡುವೆ ಹೊಸದಾಗಿ ಕೊಂಡ ಅಕ್ಕಿಯನ್ನು ಕೂಡಿಸಲು ಮರೆಯಬಾರದು. ತಲೆಯೊಂದಕ್ಕೆ ದಿನಕ್ಕೆ ಎಷ್ಟು ಗ್ರಾಂ ಎಂದು ಮೂರು ಉತ್ತರಗಳನ್ನೂ ಒಂದೇ ಅಳತೆಗೆ ತಂದು ಹೋಲಿಸಿರಿ. ಹನ್ನೆರಡು ಮನೆಗಳಿಂದ ನಗರದ ನಿರ್ಣಯವನ್ನು ಮಾಡಲಾಗದು. ಪ್ರಶ್ನೆಯ ರೀತಿಯಿಂದ ಉತ್ತರವು ಹೇಗೆ ಅಲುಗುವುದೆಂಬುದು ಮಾತ್ರ ಅನುಭವಕ್ಕೆ ಬರುವುದು.

ಒಂದು ನಿಯಮವನ್ನು ತಪ್ಪದೆ ಪಾಲಿಸಬೇಕು. ಚೀಟಿಯಲ್ಲಿ ಬಂದ ಮನೆಯ ಬಾಗಿಲು ಮುಚ್ಚಿದ್ದರೆ ಪಕ್ಕದ ಮನೆಯ ಗಂಟೆಯನ್ನು ಒತ್ತಿ ಕೆಲಸವನ್ನು ಮುಗಿಸಿಬಿಡಬಾರದು. ಸಂಜೆ ಮತ್ತೆ ಹೋಗಬೇಕು; ರವಿವಾರ ಮತ್ತೆ ಹೋಗಬೇಕು. ನಮ್ಮ ನಗರದಲ್ಲಿ ಹಗಲು ಬಾಗಿಲು ಮುಚ್ಚಿರುವ ಮನೆಯೆಂದರೆ ಗಂಡಹೆಂಡಿರಿಬ್ಬರೂ ದುಡಿಯಲು ಹೋದ ಮನೆ, ಹೋಟೆಲಿನಲ್ಲಿ ದುಡಿಯುವ ಹುಡುಗರು ಕೂಡಿ ಬಾಡಿಗೆಗೆ ಹಿಡಿದ ಕೋಣೆ, ಆಸ್ಪತ್ರೆಯಲ್ಲಿ ರೋಗಿಯ ಬಳಿ ಕುಳಿತವರ ಮನೆ. ಅವರನ್ನು ಬಿಟ್ಟು ಬಾಗಿಲು ತೆರೆದವರನ್ನಷ್ಟೇ ಎಣಿಸಿದರೆ ನಮ್ಮ ಲೆಕ್ಕವು ಬಿಡುವುಳ್ಳವರ ಲೆಕ್ಕವಾಗುವುದೇ ಹೊರತು ಊರಿನ ಲೆಕ್ಕವಾಗಲಾರದು.

ಅಭ್ಯಾಸವು ಮುಗಿದ ಮೇಲೆ ನಿಮ್ಮ ವಹಿಯ ಕೊನೆಯಲ್ಲಿ ನಾಲ್ಕು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿರಿ. ಈ ಸಂಖ್ಯೆಯನ್ನು ಹೇಳಿದವನಿಗೆ ಅದು ಹೆಚ್ಚಾದರೆ ಲಾಭವೋ, ಕಡಿಮೆಯಾದರೆ ಲಾಭವೋ? ಎಣಿಸಬೇಕಾದವರನ್ನು ಆರಿಸಿದ ರೀತಿ ಯಾವುದು, ಯಾರು ಬಿಟ್ಟುಹೋದರು? ಅಂಚಿನಲ್ಲಿ ನಿಂತುದನ್ನು ಒಳಗೆ ಎಳೆದುಕೊಂಡರೋ, ಹೊರಗೆ ಬಿಟ್ಟರೋ? ಬೇರೆ ದಾರಿಯಿಂದ ಇದೇ ಉತ್ತರವು ಬರುವುದೋ? ಮುಂದೆ ನಿಮ್ಮಲ್ಲಿ ಕೆಲವರು ಬ್ಯಾಂಕಿನಲ್ಲಿ, ಕೆಲವರು ವ್ಯಾಪಾರದಲ್ಲಿ, ಕೆಲವರು ಸರ್ಕಾರದ ಕಚೇರಿಗಳಲ್ಲಿ ಕೆಲಸ ಮಾಡುವಿರಿ. ಸಂಖ್ಯೆಗಳಿರುವ ಕಾಗದವು ಸಹಿಗಾಗಿ ನಿಮ್ಮ ಮುಂದೆ ಬಂದಾಗ ಈ ನಾಲ್ಕು ಪ್ರಶ್ನೆಗಳನ್ನು ಕೇಳಿ ಆಮೇಲೆ ಸಹಿ ಮಾಡಿರಿ. ಆ ಕಾಗದದ ಆಚೆಗೆ, ನಿಮ್ಮ ಕಣ್ಣಿಗೆ ಕಾಣದ ಯಾವುದೋ ಕೋಟೆಯೊಳಗೆ, ಊಟಕ್ಕಾಗಿ ಕಾದು ಕುಳಿತವರಿರಬಹುದು.